ಕಾಪಿ ಮಾಡಿದರೆ ಫೋಟೊ ಸವೆಯುವುದಿಲ್ಲ

ಪ್ರಶ್ನೆ: ಮೊಬೈಲು, ಹಳೆಯ ಲ್ಯಾಪ್‌ಟಾಪು, ಪೆನ್‌ಡ್ರೈವು ಎಂದು ಫೋಟೊಗಳೆಲ್ಲ ಚೆಲ್ಲಾಪಿಲ್ಲಿಯಾಗಿವೆ. ಒಂದೇ ಕಡೆ ಜೋಡಿಸುವ ಆಸೆ. ಆದರೆ ಪದೇ ಪದೇ ಕಾಪಿ ಮಾಡಿದರೆ ಚಿತ್ರ ಮಸುಕಾಗುತ್ತದಂತಲ್ಲ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಆಗುವುದಿಲ್ಲ. ದಸರಾ ಮುಗಿದರೆ ಸಾಕು, ಈ ಪ್ರಶ್ನೆ ತಪ್ಪದೆ ಬರುತ್ತದೆ. ಈ ಸಲ ಉದ್ದವಾಗಿಯೇ ಹೇಳಿಬಿಡುತ್ತೇನೆ, ದಯವಿಟ್ಟು ಕತ್ತರಿಸಿ ಇಟ್ಟುಕೊಳ್ಳಿ.

ಜೆರಾಕ್ಸ್‌ನ ಜೆರಾಕ್ಸ್ ತೆಗೆಸಿದರೆ ಅಕ್ಷರ ಮಂಕಾಗುತ್ತದೆ, ಫೋಟೊದ ಗತಿಯೂ ಅದೇ ಎಂದು ಜನ ನಂಬಿ ಕೂತಿದ್ದಾರೆ. ಡಿಜಿಟಲ್ ಫೋಟೊ ಎಂದರೆ ಅಂಕಿಗಳ ಸಾಲು. ಫೋಲ್ಡರಿನಿಂದ ಫೋಲ್ಡರಿಗೆ ಹೋಗುವಾಗ ಅವು ಇದ್ದ ಹಾಗೆಯೇ ಹೋಗುತ್ತವೆ. ಹೆಸರು ಬದಲಿಸಿದರೂ ಚಿತ್ರಕ್ಕೆ ಏನೂ ಆಗುವುದಿಲ್ಲ. ನಂಬಿಕೆ ಬಾರದಿದ್ದರೆ ಒಂದು ಫೋಟೊವನ್ನು ಪೆನ್‌ಡ್ರೈವಿಗೆ, ಅಲ್ಲಿಂದ ಇನ್ನೊಂದು ಕಂಪ್ಯೂಟರಿಗೆ ಹಾಕಿ ವಾಪಸು ತನ್ನಿ. ಎರಡರ ಮೇಲೂ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ‘ಸೈಜ್’ ಎಂಬಲ್ಲಿರುವ ಬೈಟ್‌ಗಳ ಲೆಕ್ಕ ಕೊನೆಯ ಅಂಕಿಯವರೆಗೂ ಒಂದೇ. ಕೆಳಗಿನ ‘ಸೈಜ್ ಆನ್ ಡಿಸ್ಕ್’ ಬೇರೆಯಿದ್ದೀತು. ಅದು ಡಿಸ್ಕಿನ ಜಾಗದ ಲೆಕ್ಕ, ಅದನ್ನು ಹಿಡಿದು ಮತ್ತೆ ಪತ್ರ ಬರೆಯಬೇಡಿ.

ಮಸುಕಾದದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುತ್ತೀರಿ. ಕಂಡಿರುತ್ತೀರಿ. ವಾಟ್ಸ್‌ಆ್ಯಪ್ ಫೋಟೊ ಕಳಿಸುವಾಗ ಅದನ್ನು ಕುಗ್ಗಿಸಿ ಹೊಸ ಫೈಲ್ ಮಾಡುತ್ತದೆ, ಕ್ಯಾಮೆರಾ ಬರೆದಿಟ್ಟ ದಿನಾಂಕವನ್ನೂ ಕಳೆಯುತ್ತದೆ. ಜೆಪೆಗ್ ಚಿತ್ರವನ್ನು ತಿದ್ದಿ ಮತ್ತೆ ಸೇವ್ ಮಾಡಿದಾಗಲೂ ಗುಣಮಟ್ಟ ಒಂದಿಷ್ಟು ಕುಂದುತ್ತದೆ. ಇವೆರಡೂ ಕಾಪಿ ಅಲ್ಲವೇ ಅಲ್ಲ! ಮನೆಮಂದಿಯ ಗುಂಪಿನಲ್ಲಿ ಬಂದ ಜಂಬೂ ಸವಾರಿ ಚಿತ್ರವನ್ನು ಹಿಗ್ಗಿಸಿದರೆ ಅಂಬಾರಿಯೊಳಗಿನ ಚಾಮುಂಡೇಶ್ವರಿಯ ಮುಖ ಹಳದಿ ಮುದ್ದೆಯಾಗಿರುತ್ತದೆ. ಅದಕ್ಕೆ ಪೆನ್‌ಡ್ರೈವನ್ನು ಬೈದರೆ ಹೇಗೆ? ತೆಗೆದವರಿಗೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಮೂಲವೇ ಬರುತ್ತದೆ.

ಇನ್ನು ಜೋಡಣೆ. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಕಟ್ ಬೇಡ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ‘2025-09 ದಸರಾ’ ಎಂಬಂತೆ ಹೆಸರು. ವರ್ಷ ಮೊದಲಿದ್ದರೆ ಕಾಲಕ್ರಮ ತಾನಾಗಿ ಕೂಡಿಬರುತ್ತದೆ. 2025ರ ದಸರಾ ಸೆಪ್ಟೆಂಬರ್ 22ಕ್ಕೆ ಶುರುವಾಗಿ ಅಕ್ಟೋಬರ್ 2ಕ್ಕೆ ಮುಗಿಯಿತು. ಶುರುವಾದ ತಿಂಗಳಲ್ಲೇ ಇಡಿ, ಹಬ್ಬವನ್ನು ಎರಡು ಫೋಲ್ಡರಿಗೆ ಸೀಳಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್‌ಆ್ಯಪ್ ಚಿತ್ರದ ಹೆಸರಿನಲ್ಲಿ 20191008 ಎಂದಿದ್ದರೆ ಅದು 2019ರ ಅಕ್ಟೋಬರ್ 8, ಆ ವರ್ಷದ ವಿಜಯದಶಮಿ. ಚಿತ್ರ ತೆಗೆದ ದಿನವಲ್ಲ, ನಿಮಗೆ ಬಂದ ದಿನ. ಇನ್ನೊಂದು ಡಿಸ್ಕಿನಲ್ಲಿ ಎರಡನೇ ಪ್ರತಿ ಮಾಡಿದ ಮೇಲಷ್ಟೇ ಹಳೆಯ ಜಾಗಗಳಿಂದ ಅಳಿಸಿ.

ಅಟ್ಟದ ಮೇಲಿನ ಆಲ್ಬಮ್ಮಿನ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಸ್ಕ್ಯಾನ್ ಮಾಡಿದ ಫೈಲಿಗೆ ಸ್ಕ್ಯಾನ್ ಮಾಡಿದ ದಿನಾಂಕವೇ ಅಂಟಿಕೊಳ್ಳುತ್ತದೆ. ಹಾಗಾಗಿ ‘1985 ಸುಮಾರು’ ಎಂದು ಹೆಸರಿನಲ್ಲೇ ಬರೆಯಿರಿ. ಇಸವಿ ಮರೆತಿದ್ದರೆ ಹಿನ್ನೆಲೆ ನೋಡಿ. ನಮ್ಮ ಮೈಸೂರಿನ ಹಳೆಯ ಅಂಗಡಿಸಾಲು ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ವ್ಯಾಪಾರ ನಡೆಯುತ್ತಿದ್ದರೆ ಚಿತ್ರ 2012ರ ಆಗಸ್ಟ್‌ಗಿಂತ ಹಿಂದಿನದು. ಆ ತಿಂಗಳು ಅದರ ಒಂದು ಭಾಗ ಕುಸಿಯಿತು. ಹಿಂಬದಿಯಲ್ಲಿ ಸ್ಟುಡಿಯೊ ಮೊಹರೋ ಅತ್ತೆಯ ಕೈಬರಹವೋ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಒಂದೇ ಹೆಸರಿನ ಕೊನೆಗೆ ಮುಂಬದಿಗೆ ‘ಅ’, ಹಿಂಬದಿಗೆ ‘ಆ’ ಸೇರಿಸಿದರೆ ಎರಡೂ ಪಕ್ಕಪಕ್ಕ ಕೂರುತ್ತವೆ.