ಪದ ಪರಿಚಯ: ಶಿಶಿಕ್ಷು

ಹಾಸನದ ಬಸ್ ಡಿಪೋದಲ್ಲಿ ‘ಶಿಶಿಕ್ಷು ತರಬೇತಿಗೆ ಅರ್ಜಿ ಆಹ್ವಾನ’ ಎಂಬ ನೋಟಿಸು ಓದಿ ಬಂದ ನನ್ನ ಐಟಿಐ ವಿದ್ಯಾರ್ಥಿಯೊಬ್ಬ, ‘ಸರ್, ಶಿಶು ಅಂತ ಇದೆಯಲ್ಲ, ಇದು ನಮಗಾ?’ ಎಂದು ಕೇಳಿದ. ‘ಅಪ್ರೆಂಟಿಸ್ ಕಣಪ್ಪ’ ಎಂದೆ. ‘ಓ, ಅಪ್ರೆಂಟಿಸಾ!’ ಎಂದು ಅರ್ಜಿ ತುಂಬಲು ಓಡಿದ. ಅವನಿಗೆ ಅಷ್ಟು ಸಾಕಿತ್ತು. ನನಗೆ ಆ ಪದವನ್ನು ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ.

ಶಿಶಿಕ್ಷುವಿಗೂ ಶಿಶುವಿಗೂ ನಂಟಿಲ್ಲ. ಸಂಸ್ಕೃತದಲ್ಲಿ ಬಯಕೆಯನ್ನು ಹೇಳಲು ಧಾತುವಿನ ಮೊದಲ ಭಾಗವನ್ನು ಇಮ್ಮಡಿಸುವ ಕ್ರಮವಿದೆ. ಬಿಡುಗಡೆ ಬಯಸುವವನು ಮುಮುಕ್ಷು, ತಿಳಿಯಬಯಸುವವನು ಜಿಜ್ಞಾಸು. ಹಾಗೆಯೇ ಕಲಿಯಬಯಸುವವನು ಶಿಶಿಕ್ಷು. ಇನ್ನೊಂದು ಮೆಟ್ಟಿಲು ಕೆಳಗಿಳಿದರೆ ‘ಶಿಕ್ಷಣ’ ಎಂಬ ಮಾತಿನ ಬುಡದಲ್ಲಿಯೇ ‘ಶಕ್’ ಧಾತು ಸಿಗುತ್ತದೆ. ಶಕ್ತಿ, ಶಕ್ಯ ಎಂಬ ಪದಗಳು ಹುಟ್ಟಿದ್ದೂ ಅದರಿಂದಲೇ. ಅಂದರೆ ಶಿಕ್ಷಣಕ್ಕೆ ಮೊದಲಿದ್ದ ಅರ್ಥ ಪಾಠ ಒಪ್ಪಿಸುವುದಲ್ಲ, ‘ಮಾಡಬಲ್ಲವನಾಗಬೇಕು’ ಎಂಬ ಆಸೆ. ಅಪ್ರೆಂಟಿಸ್ ಪದದ ಲ್ಯಾಟಿನ್ ಮೂಲಕ್ಕೂ ‘ಹಿಡಿ’ ಎಂಬ ಅರ್ಥವಿದೆ. ನಮ್ಮ ಕಡೆಯ ಮೇಸ್ತ್ರಿಗಳು ಇದನ್ನೆಲ್ಲ ಎರಡೇ ಮಾತಿನಲ್ಲಿ ಹೇಳುತ್ತಾರೆ: ಕೈ ಪಳಗಬೇಕು.

ಕಾನೂನಿನಲ್ಲಿ ಈ ಪದಕ್ಕೆ ಖಚಿತವಾದ ಅರ್ಥವಿದೆ. 1961ರ ಶಿಶಿಕ್ಷು ಅಧಿನಿಯಮದ ಪ್ರಕಾರ ಶಿಶಿಕ್ಷು ಎಂದರೆ ಕರಾರು ಮಾಡಿಕೊಂಡು ಉದ್ದಿಮೆಯೊಂದರಲ್ಲಿ ತರಬೇತಿ ಪಡೆಯುವವನು. ಅವನು ಕಾರ್ಮಿಕನಲ್ಲ, ಕಲಿಯುವವನು. ಅವನಿಗೆ ಸಿಗುವುದು ಸಂಬಳವಲ್ಲ, ಶಿಷ್ಯವೇತನ. ಕೆಲಸದ ಜೊತೆಗೆ ಅದಕ್ಕೆ ಸಂಬಂಧಿಸಿದ ಪಾಠವನ್ನೂ ಅವನಿಗೆ ಹೇಳಿಕೊಡಬೇಕು. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವಿ, ಡಿಪ್ಲೊಮಾ ಮುಗಿಸಿದವರೂ ಇದರೊಳಗೆ ಬಂದರು.

ಈ ವ್ಯತ್ಯಾಸವನ್ನು ನಾನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಗೆ ಹೋದ ನಮ್ಮ ಹುಡುಗ ವರ್ಷವಿಡೀ ಪೆಟ್ಟಿಗೆ ಹೊತ್ತ, ನೆಲ ಗುಡಿಸಿದ. ಯಂತ್ರ ಮುಟ್ಟಲು ಬಿಡಲಿಲ್ಲ. ಅವನ ಕಾಗದದಲ್ಲಿ ಶಿಶಿಕ್ಷು ಎಂದೇ ಇತ್ತು, ಅವನು ಆಗಿದ್ದು ಕೈಯಾಳು. ಕೈಯಾಳಿನ ದುಡಿಮೆಗೂ ಮರ್ಯಾದೆಯಿದೆ. ಆದರೆ ಕಲಿಸುತ್ತೇವೆಂದು ಕರೆದುಕೊಂಡು ಹೋಗಿ ಹಾಗೆ ದುಡಿಸಿದ್ದು ಅನ್ಯಾಯ.

ತಪ್ಪೆಲ್ಲ ಕಾರ್ಖಾನೆಯದೇ ಎಂದು ನಾನು ಹೇಳಲಾರೆ, ನಮ್ಮ ಐಟಿಐಯದೂ ಇದೆ. ಯಂತ್ರದ ಬಿಡಿಭಾಗ ಹೊಂದಿಸಿ ಜೋಡಿಸುವ ಫಿಟ್ಟರ್ ಟ್ರೇಡಿಗೆ ಸೇರಿದವರು ಮೊದಲ ತಿಂಗಳುಗಳಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜುತ್ತಲೇ ಇರುತ್ತಾರೆ. ಮೂಲೆ ನೇರವಿದೆಯೇ ಎಂದು ನೋಡುವ ಟ್ರೈ ಸ್ಕ್ವೇರ್ ಇಟ್ಟು ಹಿಡಿದರೆ ಬೆಳಕು ನುಸುಳಬಾರದು. ಸೂಕ್ಷ್ಮ ಅಳತೆಯ ವರ್ನಿಯರ್‌ನಲ್ಲಿ 0.02 ಮಿಲಿಮೀಟರ್ ಓದಲು ಬರಬೇಕು. ಇದು ಅಗತ್ಯವಾದ ಅಭ್ಯಾಸವೇ. ಆದರೆ ಯಾತಕ್ಕೆ ಉಜ್ಜುತ್ತಿದ್ದೇನೆಂದು ಹುಡುಗನಿಗೆ ತಿಳಿಯದಿದ್ದರೆ ತುಂಡು ಮೂಲೆಗೆ ಬೀಳುತ್ತದೆ, ಜೊತೆಗೆ ಆಸೆಯೂ.

ನನ್ನ ತರಗತಿಯಲ್ಲಿ ಸಕಲೇಶಪುರ, ಆಲೂರು, ಬೇಲೂರು ಕಡೆಯ ಮಕ್ಕಳೇ ಹೆಚ್ಚು. ಅವರ ಊರಿನ ತೋಟಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇರುತ್ತದೆ. ತಿರುಗುವ ಡ್ರಮ್ಮಿಗೂ ಅದರೆದುರಿನ ಪ್ಲೇಟಿಗೂ ನಡುವೆ ಸಣ್ಣ ಸಂದು. ಸಂದು ಬಿಗಿಯಾದರೆ ಬೀಜ ಕಚ್ಚಿಸಿಕೊಂಡು ಕಾಫಿಯ ಗುಣಮಟ್ಟ ಕೆಡುತ್ತದೆ. ಸಡಿಲವಾದರೆ ಹಣ್ಣು ಹಾಗೇ ಹೊರಬೀಳುತ್ತದೆ. ಅರಾಬಿಕಾ ಕೊಯ್ಲು ಶುರುವಾಗುವ ಮೊದಲು ಪಲ್ಪರ್ ಬಿಚ್ಚಿ, ಸವೆದದ್ದು ನೋಡಿ, ಸಂದು ಹೊಂದಿಸಬೇಕು. ಅದಕ್ಕೆ ಬೇಕಾದದ್ದು ನಾವು ಅಷ್ಟು ದಿನ ಉಜ್ಜಿ, ಅಳೆದು ಕಲಿಸುವ ಕೈಚಳಕವೇ! ಇದು ಹೊಳೆಯಲು ನನಗೇ ವರ್ಷಗಳು ಬೇಕಾದವು. ಈಗ ತೋಟವೊಂದರಿಂದ ಹಳೆಯ ಪಲ್ಪರ್ ತಂದು ವರ್ಕ್‌ಶಾಪಿನಲ್ಲಿ ಇಟ್ಟುಕೊಂಡಿದ್ದೇವೆ. ಪಠ್ಯಕ್ರಮ ದೇಶಕ್ಕೆಲ್ಲ ಒಂದೇ. ಪಾಠಕ್ಕೆ ಹಿಡಿಯುವ ವಸ್ತು ಹಾಸನದ್ದಾಗಬಹುದು.

ಸಾಮಾನ್ಯವಾಗಿ ನಮ್ಮಲ್ಲಿ ಕೋರ್ಸ್ ಮೊದಲು, ಶಿಶಿಕ್ಷು ತರಬೇತಿ ಆಮೇಲೆ. ಜರ್ಮನಿಯಲ್ಲಿ ಎರಡೂ ಒಟ್ಟಿಗೆ: ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆ, ಉಳಿದ ದಿನ ಉದ್ದಿಮೆ. ಆ ಮಾದರಿಯನ್ನು ನೋಡಿ ನಮ್ಮ ಐಟಿಐಗಳಿಗೂ 2016ರಲ್ಲಿ ಡ್ಯುಯಲ್ ತರಬೇತಿ ಪದ್ಧತಿ ಬಂತು. ಕೋರ್ಸಿನ ಒಂದು ಭಾಗ ಉದ್ದಿಮೆಯಲ್ಲೇ ನಡೆಯುತ್ತದೆ. ಹಾಸನದಲ್ಲೂ ಕೇಂದ್ರವಿರುವ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ, ಅಂದರೆ ಉಪಕರಣ ಮತ್ತು ಅಚ್ಚು ತಯಾರಿಕೆಯ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಉದ್ದಿಮೆಯ ತರಬೇತಿ ಸೇರಿಕೊಂಡೇ ಇದೆ. ನನಗೆ ಒಟ್ಟಿಗೆ ನಡೆಯುವ ಕ್ರಮವೇ ಹೆಚ್ಚು ಸರಿ ಎನಿಸುತ್ತದೆ. ಕಾರ್ಖಾನೆಯಲ್ಲಿ ಎದ್ದ ಪ್ರಶ್ನೆ ಹೊತ್ತು ಹುಡುಗ ತರಗತಿಗೆ ವಾಪಸ್ಸು ಬರುತ್ತಾನೆ. ಕೋರ್ಸ್ ಮುಗಿದ ಮೇಲಾದರೆ ಆ ಪ್ರಶ್ನೆಯನ್ನು ಯಾರಿಗೆ ಕೇಳಬೇಕು?

ಕಲಿಸುವವರ ಮಾತನ್ನೂ ಆಡಲೇಬೇಕು. ಬೋಧಕರಿಗೆಂದೇ ಒಂದು ವರ್ಷದ ತರಬೇತಿ ಕೋರ್ಸಿದೆ, ಅದು ಒಳ್ಳೆಯದೇ. ಆದರೆ ಒಮ್ಮೆ ಮುಗಿಸಿದರೆ ಸಾಲದು. ಕೆಲವು ವರ್ಷಕ್ಕೊಮ್ಮೆ ಬೋಧಕನೂ ಒಂದು ತಿಂಗಳು ಯಂತ್ರದ ಮುಂದೆ ಶಿಶಿಕ್ಷುವಾಗಿ ನಿಲ್ಲಬೇಕು. ನಿಲ್ಲಲು ನನಗೆ ಆಸೆಯಿದೆ, ರಜೆ ಸಿಗಬೇಕು.

ಮೊನ್ನೆ ಪಲ್ಪರ್ ಜೋಡಿಸುತ್ತಿದ್ದ ಆಲೂರಿನ ಹುಡುಗಿಯೊಬ್ಬಳು ಸಂದು ಅಳೆಯುವ ಫೀಲರ್ ಗೇಜ್ ಕೈಯಲ್ಲಿ ಹಿಡಿದು, ‘ಸರ್, ರೊಬಸ್ಟಾ ಬೀಜ ಸಣ್ಣದಲ್ವಾ, ಅದಕ್ಕೆ ಸಂದು ಎಷ್ಟು ಇಡಬೇಕು?’ ಎಂದಳು. ಮುಂದಿನ ವಾರ ಅವರೂರಿನ ತೋಟದ ಮೇಸ್ತ್ರಿಯವರನ್ನು ಪಾಠಕ್ಕೆ ಕರೆಸುತ್ತಿದ್ದೇನೆ. ಅವಳ ಪ್ರಶ್ನೆಗೆ ನನಗಿಂತ ಅವರೇ ಚೆನ್ನಾಗಿ ಉತ್ತರ ಹೇಳುತ್ತಾರೆ.