ಮೇಷ್ಟ್ರ ರಿವ್ಯೂ ಮುಗಿದಿದ್ದು ಯಾವಾಗ?

ಗೆಳೆಯನೊಬ್ಬ ನನ್ನ ಹಾಗೇ ಅಮೆರಿಕದಲ್ಲಿ ಫ್ಲೈಟ್ ಇನ್‌ಸ್ಟ್ರಕ್ಟರ್, ವಿಮಾನ ಹಾರಿಸಲು ಕಲಿಸುವ ಮೇಷ್ಟ್ರು. ಒಂದು ಬೆಳಿಗ್ಗೆ ಲಾಗ್‌ಬುಕ್ ಹಿಡಿದು ಬಂದ. "ನನ್ನ ಫ್ಲೈಟ್ ರಿವ್ಯೂ ಇನ್ನೂ ಚಾಲ್ತಿಯಲ್ಲಿದೆ ಅಲ್ವಾ? ಸುಮ್ನೆ ಒಮ್ಮೆ ನೋಡು ಮಾರಾಯ." ಫ್ಲೈಟ್ ರಿವ್ಯೂ ಅಂದರೆ ಪೈಲಟ್ ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಹಾರಿ ಮಾಡಿಸಿಕೊಳ್ಳುವ ಪರಿಶೀಲನೆ. ಪುಟ ತಿರುವಿದೆ. ಬೇರೆಯವರಿಗೆ ಇವನು ಕೊಟ್ಟ ರಿವ್ಯೂಗಳು ಸಾಲುಸಾಲಾಗಿ ಇದ್ದವು. ಇವನದು ಮಾತ್ರ ಕಾಣಲಿಲ್ಲ.

ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯ ನಿಯಮ 61.56 ಪ್ರಕಾರ ಪೈಲಟ್ ಇನ್ ಕಮಾಂಡ್ (ಹಾರಾಟದ ಹೊಣೆ ಹೊತ್ತ ಪೈಲಟ್) ಆಗಬೇಕಿದ್ದರೆ 24 ಕ್ಯಾಲೆಂಡರ್ ತಿಂಗಳಿಗೊಮ್ಮೆ ರಿವ್ಯೂ ಆಗಿರಬೇಕು. ಕಡಿಮೆ ಎಂದರೆ ಒಂದು ಗಂಟೆ ಪಾಠ, ಒಂದು ಗಂಟೆ ಹಾರಾಟ. 2024ರ ಮಾರ್ಚ್ 3ಕ್ಕೆ ಮುಗಿಸಿದರೆ 2026ರ ಮಾರ್ಚ್ 31ರವರೆಗೆ ನಡೆಯುತ್ತದೆ. ಇದರಲ್ಲಿ ಫೇಲ್ ಅನ್ನೋದಿಲ್ಲ. ಸರಿಬರದಿದ್ದರೆ ಸಹಿ ಸಿಗುವುದಿಲ್ಲ, ಅಷ್ಟೇ.

ನಡುವೆ ಯಾವುದಾದರೂ ಚೆಕ್‌ರೈಡ್, ಅಂದರೆ ಎಕ್ಸಾಮಿನರ್ ಎದುರಿನ ಹಾರಾಟ ಪರೀಕ್ಷೆ, ಪಾಸಾದರೆ ರಿವ್ಯೂ ಬೇಡ. ಇನ್‌ಸ್ಟ್ರಕ್ಟರ್ ಚೆಕ್‌ರೈಡ್ ವಿಷಯದಲ್ಲಿ ಮಾತ್ರ ಮೊದಲು ಗೊಂದಲವಿತ್ತು. ಕಾನೂನಿನ ಕಣ್ಣಿಗೆ ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್ ಪೈಲಟ್ ಸರ್ಟಿಫಿಕೇಟ್ ಅಲ್ಲವಲ್ಲ! ಹುಷಾರಿನವರು ಎಕ್ಸಾಮಿನರ್ ಕೈಲಿ ರಿವ್ಯೂ ಅಂತ ಬೇರೆ ಸಾಲು ಬರೆಸಿಕೊಳ್ಳುತ್ತಿದ್ದರು. ಈಗ ನಿಯಮದಲ್ಲೇ ಸ್ಪಷ್ಟವಾಗಿದೆ: ಹೊಸದಾಗಿ ಇನ್‌ಸ್ಟ್ರಕ್ಟರ್ ಆಗಲು, ಇನ್ನೊಂದು ರೇಟಿಂಗ್ (ಇನ್ನೊಂದು ಬಗೆಯ ಹಾರಾಟ ಕಲಿಸುವ ಅರ್ಹತೆ) ಸೇರಿಸಲು, ಕಳೆದುಕೊಂಡದ್ದನ್ನು ಮತ್ತೆ ಪಡೆಯಲು ಎಕ್ಸಾಮಿನರ್ ಜೊತೆ ಹಾರಿ ಪಾಸಾದರೂ ಸಾಕು.

ಗೆಳೆಯನ ಚೆಕ್‌ರೈಡ್ ಆಗಿ ನಾಲ್ಕು ವರ್ಷ. "ಹೋದ ವರ್ಷ ಇನ್‌ಸ್ಟ್ರಕ್ಟರ್ ಅರ್ಹತೆ ರಿನ್ಯೂ ಮಾಡಿಸಿದ್ದೆನಲ್ಲ?" ಅಂದ. ಮಾಡಿಸಿದ್ದು ಹೌದು, ಆದರೆ ಮನೆಯಲ್ಲಿ ಕೂತು ಆನ್‌ಲೈನ್ ರಿಫ್ರೆಶರ್ ಕೋರ್ಸ್ ಮುಗಿಸಿ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ. ಆ ಕೋರ್ಸ್‌ನಿಂದ ಒಂದು ಗಂಟೆಯ ಪಾಠಕ್ಕಷ್ಟೇ ವಿನಾಯಿತಿ. ಹಾರಾಟದ ಗಂಟೆ ಹಾಗೇ ಉಳಿಯುತ್ತದೆ. ಬೇರೆಯವರಿಗೆ ನೂರು ರಿವ್ಯೂ ಕೊಟ್ಟರೂ ನಿಮ್ಮ ಲೆಕ್ಕಕ್ಕೆ ಒಂದೂ ಬರುವುದಿಲ್ಲ.

ಅವತ್ತು ಮಧ್ಯಾಹ್ನ ಅವನ ಹತ್ತಿರ ರಿವ್ಯೂಗೆ ಬರಬೇಕಿದ್ದವರ ಅವಧಿಯೂ ಮುಗಿದಿತ್ತು. ಹಾಗಿದ್ದಾಗ ಇನ್‌ಸ್ಟ್ರಕ್ಟರೇ ಪೈಲಟ್ ಇನ್ ಕಮಾಂಡ್ ಆಗಬೇಕು. ಇಲ್ಲಿ ಇಬ್ಬರಿಗೂ ಆ ಅಧಿಕಾರವಿಲ್ಲ. ವಿಮಾನ ಜಾಗ ಬಿಟ್ಟು ಕದಲುವಂತಿಲ್ಲ.

ನನ್ನದು ಚಾಲ್ತಿಯಲ್ಲಿತ್ತು, ಪುಣ್ಯ. ಅವನನ್ನು ನಮ್ಮ ಪುಟ್ಟ ಸೆಸ್ನಾ ವಿಮಾನದ ಎಡ ಸೀಟಿನಲ್ಲಿ ಕೂರಿಸಿದೆ. ವರ್ಷಗಟ್ಟಲೆ ಬಲಗಡೆ ಕೂತು ಕಲಿಸಿದವನು. ಎಡಗೈ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ಹಿಡಿ) ಹುಡುಕುತ್ತಾ ಬಾಗಿಲಿಗೆ ತಾಗಿತು. ಇಬ್ಬರೂ ನಕ್ಕೆವು. ಮೊದಲ ಲ್ಯಾಂಡಿಂಗ್ ಒರಟು, ಮೂರನೆಯದು ಬೆಣ್ಣೆ. ಗಂಟೆ ತುಂಬಿತು, ಸಹಿ ಹಾಕಿದೆ. ಎರಡು ಗಂಟೆಗೆ ಅವನ ಗಿರಾಕಿ ಬಂದರು.