6.42 ದೊಡ್ಡದು, 6.40.8 ಭದ್ರ

2018ರ ಏಪ್ರಿಲ್ ತಿಂಗಳ ಕೊನೆಯ ವಾರ. ಗದಗಿನಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಒಬ್ಬ ಸಣ್ಣ ಆಪರೇಟರ್ ಬಳಿ ಮೈಕ್ರೊಟಿಕ್ ಕಂಪನಿಯ ಎರಡು ರೂಟರ್‌ಗಳಿವೆ ಎಂದುಕೊಳ್ಳಿ. ಉಪಕರಣದ ಫ್ಲ್ಯಾಶ್ ಮೆಮೊರಿಯಲ್ಲಿ ಕುಳಿತು ಅದನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್. ಒಂದರ ಫರ್ಮ್‌ವೇರ್ ಆವೃತ್ತಿ 6.42, ಇನ್ನೊಂದರದು 6.40.8. ಯಾವುದನ್ನು ಮೊದಲು ಅಪ್‌ಡೇಟ್ ಮಾಡಬೇಕು ಎಂದು ಕೇಳಿದರೆ ಹೆಚ್ಚಿನವರ ಬೆರಳು 6.40.8ರ ಕಡೆಗೇ ಹೋಗುತ್ತದೆ. ಚಿಕ್ಕ ಅಂಕಿ ಎಂದರೆ ಹಳೆಯದು, ಹಳೆಯದು ಎಂದರೆ ಅಪಾಯ ಎಂಬ ಲೆಕ್ಕ. ಆ ವಾರ ಈ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು. ದೋಷವಿದ್ದದ್ದು 6.42ರಲ್ಲಿ, 6.40.8ರಲ್ಲಿ ಅದನ್ನು ಆಗಲೇ ಸರಿಪಡಿಸಲಾಗಿತ್ತು.

ದೋಷವೂ ಸಾಮಾನ್ಯದ್ದಲ್ಲ. ಮೈಕ್ರೊಟಿಕ್ ರೂಟರ್‌ಗಳನ್ನು ಕಂಪ್ಯೂಟರಿನಿಂದ ನಿರ್ವಹಿಸಲು ವಿನ್‌ಬಾಕ್ಸ್ ಎಂಬ ತಂತ್ರಾಂಶವಿದೆ. ಅದರ ಕರೆಗೆ ರೂಟರ್ 8291ನೆಯ ಪೋರ್ಟ್‌ನಲ್ಲಿ, ಅಂದರೆ ಆ ಸಂಖ್ಯೆಯ ಸಂಪರ್ಕದ ಬಾಗಿಲಿನಲ್ಲಿ, ಉತ್ತರಿಸುತ್ತದೆ. ಈ ಪೋರ್ಟ್ ಹೊರಜಗತ್ತಿಗೆ ತೆರೆದಿದ್ದರೆ, ಪಾಸ್‌ವರ್ಡ್ ಕೊಡದೆಯೇ ಯಾರು ಬೇಕಾದರೂ ರೂಟರ್‌ನೊಳಗಿನ ಕಡತಗಳನ್ನು ಓದಬಹುದಿತ್ತು. ಬಳಕೆದಾರರ ಹೆಸರು, ಪಾಸ್‌ವರ್ಡ್ ಇಟ್ಟ ಕಡತವೂ ಅವುಗಳಲ್ಲೊಂದು. ಆ ವರ್ಷ ಲೋಕದ ಹಲವೆಡೆ ಇಂಥ ರೂಟರ್‌ಗಳನ್ನು ಕಳ್ಳರು ವಶಪಡಿಸಿಕೊಂಡರು. ಗ್ರಾಹಕರು ನೋಡುತ್ತಿದ್ದ ಜಾಲಪುಟಗಳ ನಡುವೆ ಕ್ರಿಪ್ಟೊ ಹಣ ಗಣಿಗಾರಿಕೆಯ ಕೋಡ್ ಸೇರಿಸಿದರು. ತಮ್ಮ ಕಂಪ್ಯೂಟರ್ ಏಕೆ ಬಿಸಿಯಾಗುತ್ತಿದೆ ಎಂಬುದು ಗ್ರಾಹಕರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಹಾಗಾದರೆ ಚಿಕ್ಕ ಅಂಕಿಯ ರೂಟರ್ ಉಳಿದುಕೊಂಡದ್ದು ಹೇಗೆ? ತಯಾರಕರ ಕಡೆಯಿಂದ ನೋಡಿದರೆ ಗೊತ್ತಾಗುತ್ತದೆ. ಹೊಸ ಸೌಲಭ್ಯಗಳನ್ನು ಸೇರಿಸುವ ತಂಡ 6.40, 6.41, 6.42 ಎಂದು ಮುಂದೆ ಸಾಗುತ್ತಲೇ ಇರುತ್ತದೆ. ಆದರೆ ಆಸ್ಪತ್ರೆಗೋ ಬ್ಯಾಂಕಿಗೋ ಹೊಸ ಸೌಲಭ್ಯದ ಹಂಬಲವಿಲ್ಲ. ನಡೆಯುತ್ತಿರುವುದು ನಿಲ್ಲದಿದ್ದರೆ ಸಾಕು. ಅಂಥವರಿಗಾಗಿ 6.40ರ ಬಳಿ ಒಂದು ಕವಲು ಒಡೆಯುತ್ತದೆ. ಅಲ್ಲಿ ಹೊಸದೇನೂ ಸೇರುವುದಿಲ್ಲ, ದೋಷಗಳನ್ನು ಮಾತ್ರ ತಿದ್ದುತ್ತಾರೆ: 6.40.1, 6.40.2, ಹೀಗೆ. ಇದರ ಪಕ್ಕದಲ್ಲೇ ಮೂರನೆಯ ಕವಲಿನಲ್ಲಿ ಮುಂದಿನ ಆವೃತ್ತಿಯ ಪರೀಕ್ಷೆ ನಡೆಯುತ್ತಿರುತ್ತದೆ. ಅದರ ಅಂಕಿಯ ಕೊನೆಗೆ ‘ಆರ್‌ಸಿ’ ಎಂಬ ಗುರುತು. ವಿನ್‌ಬಾಕ್ಸ್ ದೋಷದ ಪರಿಹಾರ 2018ರ ಏಪ್ರಿಲ್ 23ರಂದು ಈ ಮೂರೂ ಕವಲುಗಳಿಗೆ ಒಟ್ಟಿಗೆ ಬಂತು: 6.42.1, 6.40.8 ಮತ್ತು 6.43ಆರ್‌ಸಿ4. ಹಾಗಾಗಿ 6.40.8 ಅಂಕಿಯಲ್ಲಿ ಚಿಕ್ಕದಾದರೂ ಹುಟ್ಟಿದ್ದು 6.42ರ ನಂತರ. ಈ ಅಂಕಿಗಳು ಅಳತೆಯಲ್ಲ. ಯಾವ ಕವಲು, ಆ ಕವಲಿನಲ್ಲಿ ಎಷ್ಟನೆಯದು ಎಂಬುದನ್ನಷ್ಟೇ ಅವು ಹೇಳುತ್ತವೆ. ಹೋಲಿಸುವುದಾದರೆ ಒಂದೇ ಕವಲಿನೊಳಗೆ ಹೋಲಿಸಬೇಕು.

ಇನ್ನೊಂದು ತೊಡಕು ಶಾಲೆಯಲ್ಲಿ ಕಲಿತ ದಶಾಂಶದಿಂದ ಬರುತ್ತದೆ. ಗಣಿತದಲ್ಲಿ 6.9 ಎಂಬುದು 6.42ಕ್ಕಿಂತ ದೊಡ್ಡದು. ಆವೃತ್ತಿಯಲ್ಲಿ ಚುಕ್ಕಿ ಬರೀ ಗಡಿ. ಅದರ ಎರಡೂ ಬದಿಗಿರುವುದು ಬೇರೆಬೇರೆ ಪೂರ್ಣಸಂಖ್ಯೆ. ಒಂಬತ್ತರ ನಂತರ ಹತ್ತು, ಹತ್ತರ ನಂತರ ಹನ್ನೊಂದು. ಇದು ಗೊತ್ತಿದ್ದವರನ್ನೂ ಎಕ್ಸೆಲ್ ಸಿಕ್ಕಿಸಿಬಿಡುತ್ತದೆ. ಧಾರವಾಡದ ಯಾವುದೋ ಕಾಲೇಜಿನಲ್ಲಿ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ಗಳ ಪಟ್ಟಿ ಮಾಡುತ್ತ ಒಬ್ಬರು ಆವೃತ್ತಿಯ ಕಾಲಮಿನಲ್ಲಿ 16.10 ಎಂದು ಬರೆದು ಎಂಟರ್ ಒತ್ತಿದರೆ, ಎಕ್ಸೆಲ್ ಅದನ್ನು ಸಂಖ್ಯೆ ಎಂದು ತಿಳಿದು ಕೊನೆಯ ಸೊನ್ನೆಯನ್ನು ಅಳಿಸಿ 16.1 ಮಾಡುತ್ತದೆ. ಸಿಸ್ಕೊ ಕಂಪನಿಯ ಸ್ವಿಚ್‌ಗಳ ಮಟ್ಟಿಗೆ ಇವೆರಡರ ನಡುವೆ ಹಲವು ಬಿಡುಗಡೆಗಳ ಅಂತರ. ಪಟ್ಟಿ ನೋಡಿ ನಿರ್ಧಾರ ಮಾಡುವವರಿಗೆ ಇದರ ಸುಳಿವೇ ಸಿಗುವುದಿಲ್ಲ. ಆ ಕಾಲಮನ್ನು ಮೊದಲೇ ‘ಟೆಕ್ಸ್ಟ್’ ಎಂದು ಬದಲಿಸಿಕೊಳ್ಳುವುದು ಇದಕ್ಕೆ ಮದ್ದು. ನೆಟ್‌ವರ್ಕ್ ದಾಖಲೆ ಇಡುವ ಪ್ರತಿಯೊಬ್ಬರಿಗೂ ಇದನ್ನು ಮೊದಲ ದಿನವೇ ಹೇಳಿಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಿಸ್ಕೊ ಹೆಸರು ಬಂದದ್ದರಿಂದ ಅದರ ಒಂದು ಸೊಗಸನ್ನೂ ಹೇಳಿಬಿಡುತ್ತೇನೆ. ಐಒಎಸ್ ಎಕ್ಸ್‌ಇ ಎಂಬ ಅದರ ಫರ್ಮ್‌ವೇರ್‌ನಲ್ಲಿ ಅಂಕಿಗಳ ಜೊತೆಗೆ ಊರು, ಪರ್ವತಗಳ ಹೆಸರುಗಳೂ ಇವೆ. 17.1ರಿಂದ 17.3ರವರೆಗೆ ಆಮ್‌ಸ್ಟರ್‌ಡ್ಯಾಮ್, 17.4ರಿಂದ 17.6ರವರೆಗೆ ಬೆಂಗಳೂರು, ಆಮೇಲೆ ಕ್ಯುಪರ್ಟಿನೊ, ಡಬ್ಲಿನ್. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬಂದದ್ದರಿಂದ ಯಾವುದು ಮೊದಲು, ಯಾವುದು ನಂತರ ಎಂಬುದು ಹೆಸರಿನಿಂದಲೇ ತಿಳಿಯುತ್ತದೆ. ನಮ್ಮ ರಾಜಧಾನಿಯ ಹೆಸರು ಲೋಕದ ಎಷ್ಟೋ ಸ್ವಿಚ್‌ಗಳ ಆವೃತ್ತಿಯ ವಿವರದಲ್ಲಿ ಮೂಡುತ್ತದೆ ಎಂಬುದು ನನಗೆ ಸಂತೋಷದ ಸಂಗತಿ. ಆದರೆ ಕೆಲಸಕ್ಕೆ ಬರುವ ವಿಷಯ ಬೇರೆಯಿದೆ. ಪ್ರತಿ ಮೂರನೆಯ ಬಿಡುಗಡೆಗೆ ಮಾತ್ರ ದೀರ್ಘಕಾಲದ ನಿರ್ವಹಣೆ: 17.3, 17.6, 17.9, 17.12. ನಡುವಿನವು ಬೇಗ ಆಯುಷ್ಯ ಮುಗಿಸುತ್ತವೆ. ಹೀಗಾಗಿ ಸ್ಥಿರತೆ ಬಯಸುವ ಕಚೇರಿಗೆ 17.7 ಅಥವಾ 17.8ಕ್ಕಿಂತ 17.6 ಮೇಲಾಗಿತ್ತು. ಇಲ್ಲೂ ದೊಡ್ಡ ಅಂಕಿ ಕೈಕೊಟ್ಟಿತು.

ಅಕ್ಷರಗಳು ಬೆರೆತ ಆವೃತ್ತಿಗಳನ್ನು ನೋಡಿ ಹೆದರುವವರಿದ್ದಾರೆ. ಹುಬ್ಬಳ್ಳಿಯವರಿಗೆ ಇಂಥ ಓದು ಹೊಸದಾಗಬಾರದು. ರೈಲ್ವೆಯಲ್ಲಿ ದುಡಿಯುವವರ ಮನೆಯ ಮಕ್ಕಳು ಎಂಜಿನ್ ಮೇಲಿನ ‘ಡಬ್ಲ್ಯೂಡಿಜಿ-4’ ಎಂಬ ಬರಹ ಕಂಡರೆ ಬಿಡಿಸಿ ಹೇಳಬಲ್ಲರು: ಡಬ್ಲ್ಯೂ ಎಂದರೆ ಬ್ರಾಡ್‌ಗೇಜ್, ಡಿ ಎಂದರೆ ಡೀಸೆಲ್, ಜಿ ಎಂದರೆ ಗೂಡ್ಸ್, 4 ಎಂದರೆ ನಾಲ್ಕು ಸಾವಿರ ಅಶ್ವಶಕ್ತಿಯ ಶ್ರೇಣಿ. ಪಕ್ಕದ ಹಳಿಯಲ್ಲಿ ನಿಂತ ‘ಡಬ್ಲ್ಯೂಎಪಿ-7’ ವಿದ್ಯುತ್ ಎಂಜಿನ್ನಿನ ಏಳನ್ನು ಈ ನಾಲ್ಕರೊಂದಿಗೆ ಅವರು ಹೋಲಿಸುವುದಿಲ್ಲ. ಫರ್ಮ್‌ವೇರ್‌ಗೂ ಇದೇ ಕ್ರಮ. ಜುನಿಪರ್ ಉಪಕರಣದಲ್ಲಿ 21.4ಆರ್3-ಎಸ್5 ಎಂದಿದ್ದರೆ 2021ರ ನಾಲ್ಕನೆಯ ತ್ರೈಮಾಸಿಕದ ಆವೃತ್ತಿ, ಅದರ ಮೂರನೆಯ ಬಿಡುಗಡೆ, ಅದರ ಮೇಲೆ ಐದನೆಯ ಸರ್ವಿಸ್ ಬಿಡುಗಡೆ. ಸಿಸ್ಕೊದ ಹಳೆಯ ಸ್ವಿಚ್‌ಗಳ 15.2(7)ಇ3ರಲ್ಲಿ 15.2 ಮೂಲ, ಆವರಣದ ಏಳು ಅದರ ಮುಂದಿನ ಹಂತ, ‘ಇ’ ಎಂಬುದು ಸ್ವಿಚ್‌ಗಳ ಕವಲು, ಕೊನೆಯ ಮೂರು ಅದೇ ಹಂತವನ್ನು ದೋಷ ತಿದ್ದಿ ಮತ್ತೆ ಕಟ್ಟಿದ್ದು. ಹುವಾವೇಯ ಉದ್ದನೆಯ ಬರಹಗಳಲ್ಲಿ ‘ಎಸ್‌ಪಿಸಿ’ ಕಂಡರೆ ಹಿಂದಿನ ತಿದ್ದುಪಡಿಗಳನ್ನೆಲ್ಲ ಒಳಗೊಂಡ ಕಟ್ಟು, ‘ಎಸ್‌ಪಿಹೆಚ್’ ಕಂಡರೆ ಉಪಕರಣ ಚಾಲೂ ಇರುವಾಗಲೇ ಹಾಕುವ ತೇಪೆ.

ತಾರೀಖನ್ನೇ ಅಂಕಿ ಮಾಡಿಕೊಂಡವರೂ ಇದ್ದಾರೆ. ಟಿಪಿ-ಲಿಂಕ್‌ನ ಅನೇಕ ಮನೆ ರೂಟರ್‌ಗಳಲ್ಲಿ ಬರುವ ‘ಬಿಲ್ಡ್ 190115’ ಎಂಬ ಆರಂಕಿಯನ್ನು 2019ರ ಜನವರಿ 15 ಎಂದು ಓದಬೇಕು. ರೂಟರ್‌ಗಳಿಗಾಗಿ ಸಮುದಾಯವೇ ಕಟ್ಟುವ ಮುಕ್ತ ಫರ್ಮ್‌ವೇರ್ ಓಪನ್‌ಡಬ್ಲ್ಯೂಆರ್‌ಟಿಯಲ್ಲಿ 21.02 ಎಂದರೆ 2021ರ ಫೆಬ್ರವರಿ. ಆದರೆ ಅದು ಕವಲೊಡೆದ ತಿಂಗಳೇ ಹೊರತು ಜನರ ಕೈಗೆ ಬಂದ ತಿಂಗಳಲ್ಲ, 21.02 ಬಿಡುಗಡೆಯಾದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, 19.07 ಬಂದದ್ದು 2020ರ ಜನವರಿಯಲ್ಲಿ. ಇನ್ನು ಎಷ್ಟೋ ರೂಟರ್‌ಗಳ ಫರ್ಮ್‌ವೇರ್‌ಗೆ ತಿರುಳಾದ ಲಿನಕ್ಸ್ ಕರ್ನೆಲ್ 2011ರಲ್ಲಿ 2.6.39ರಿಂದ ನೇರ 3.0ಕ್ಕೆ ಜಿಗಿದಾಗ ಒಳಗೆ ಅಂಥ ದೊಡ್ಡ ಬದಲಾವಣೆಯೇನೂ ಇರಲಿಲ್ಲ. ಅಂಕಿ ಉದ್ದವಾಯಿತೆಂದು ಮೊಟಕು ಮಾಡಿದ್ದು ಅಷ್ಟೆ.

ಇಷ್ಟೆಲ್ಲ ಓದಲು ಕಲಿತವರೂ ಎಡವುವ ಜಾಗ ರೂಟರ್‌ನ ಬೆನ್ನ ಮೇಲಿದೆ. ಅಲ್ಲಿ ಅಂಟಿಸಿದ ಸ್ಟಿಕರ್‌ನಲ್ಲಿ ಮಾದರಿಯ ಹೆಸರು, ಸೀರಿಯಲ್ ಸಂಖ್ಯೆಗಳ ಜೊತೆ ಸಣ್ಣ ಅಕ್ಷರದಲ್ಲಿ ‘ವರ್ಷನ್’ ಎಂದೋ ‘ವಿ’ ಎಂದೋ ಒಂದು ಅಂಕಿ ಇರುತ್ತದೆ. ಅದು ಫರ್ಮ್‌ವೇರ್‌ನದಲ್ಲ, ಹಾರ್ಡ್‌ವೇರ್‌ನದು. ಪೆಟ್ಟಿಗೆಯ ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ಚಿಪ್ಪು, ಮೆಮೊರಿ ಬದಲಾಗಿರಬಹುದು. ಪ್ರಸಿದ್ಧ ಉದಾಹರಣೆ ಲಿಂಕ್‌ಸಿಸ್‌ನ ಡಬ್ಲ್ಯೂಆರ್‌ಟಿ54ಜಿ. ಅದರ ನಾಲ್ಕನೆಯ ಆವೃತ್ತಿಯವರೆಗೆ ಒಳಗೆ ಲಿನಕ್ಸ್ ಇತ್ತು. 2005ರಲ್ಲಿ ಬಂದ ಐದನೆಯದರಲ್ಲಿ ಮೆಮೊರಿಯನ್ನು ಅರ್ಧಕ್ಕಿಳಿಸಿ ಬೇರೆಯೇ ಕಾರ್ಯಾಚರಣಾ ವ್ಯವಸ್ಥೆ ಹಾಕಿದರು. ಹೆಸರು ಮಾತ್ರ ಅದೇ ಉಳಿಯಿತು.

ನಮ್ಮ ಕಡೆಯ ಅಂಗಡಿ, ಮನೆಗಳಲ್ಲಿ ಧಾರಾಳವಾಗಿ ಕಾಣುವ ಟಿಪಿ-ಲಿಂಕ್ ಡಬ್ಲ್ಯೂಆರ್841ಎನ್ ಇದಕ್ಕಿಂತ ವಿಚಿತ್ರ. ಅದರ ಹದಿಮೂರನೆಯ ಹಾರ್ಡ್‌ವೇರ್ ಆವೃತ್ತಿಯಲ್ಲಿ 8 ಮೆಗಾಬೈಟ್ ಫ್ಲ್ಯಾಶ್, 64 ಮೆಗಾಬೈಟ್ ರ್‍ಯಾಮ್. ಹದಿನಾಲ್ಕನೆಯದರಲ್ಲಿ ಅವು 4 ಮತ್ತು 32ಕ್ಕೆ ಇಳಿದವು. ಓಪನ್‌ಡಬ್ಲ್ಯೂಆರ್‌ಟಿ ಇಷ್ಟು ಕಡಿಮೆ ಮೆಮೊರಿಯ ಉಪಕರಣಗಳನ್ನು 19.07ರ ನಂತರ ಕೈಬಿಟ್ಟಿತು, ಹದಿಮೂರನೆಯದಕ್ಕೆ ಮಾತ್ರ ಮುಂದಿನ ಆವೃತ್ತಿಗಳೂ ಹೊಂದುತ್ತವೆ. ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯಲ್ಲೋ ದುರ್ಗದಬೈಲಿನಲ್ಲೋ ಸೆಕೆಂಡ್‌ಹ್ಯಾಂಡ್ ರೂಟರ್ ಕೊಳ್ಳುವವರು ಬೆಲೆ ಕೇಳುವ ಮುನ್ನ ಪೆಟ್ಟಿಗೆ ಬಿಚ್ಚಿಸಿ ಸ್ಟಿಕರ್ ಓದಲಿ. ಒಂದು ಹಾರ್ಡ್‌ವೇರ್ ಆವೃತ್ತಿಯ ಫರ್ಮ್‌ವೇರನ್ನು ಇನ್ನೊಂದಕ್ಕೆ ತುಂಬಿದರೆ ರೂಟರ್ ಮತ್ತೆ ಏಳದೇ ಹೋಗಬಹುದು. ಹೆಸರಿನ ಜೊತೆ ಬರುವ ‘ಐಎನ್’, ‘ಇಯು’ ಎಂಬ ದೇಶದ ಗುರುತುಗಳೂ ಹೊಂದಬೇಕು. ವೈಫೈ ಬಳಸಬಹುದಾದ ಕಂಪನಾಂಕ ಮತ್ತು ಶಕ್ತಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ.

ಇಷ್ಟು ತಿಳಿದ ಮೇಲೆ ಭದ್ರತಾ ಪ್ರಕಟಣೆಗಳು ಸಲೀಸಾಗಿ ಅರ್ಥವಾಗುತ್ತವೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2004ರಿಂದ ಇಂಥ ಎಚ್ಚರಿಕೆಗಳನ್ನು ಕೊಡುತ್ತ ಬಂದಿದೆ. ಅವುಗಳಲ್ಲಿ ‘ಇಂಥ ಆವೃತ್ತಿಗಿಂತ ಹಿಂದಿನವು’ ಎಂದು ಒಂದೇ ಉಪಕರಣಕ್ಕೆ ಎರಡು ಮೂರು ಸಾಲುಗಳು ಇರುವುದು ಗೊಂದಲವಲ್ಲ. ಒಂದೊಂದು ಸಾಲು ಒಂದೊಂದು ಕವಲಿನ ಮಾತು. ನಮ್ಮ ಉಪಕರಣ ಯಾವ ಕವಲಿನದೋ ಆ ಸಾಲನ್ನು ಹಿಡಿದು ನೋಡಿದರೆ ಸಾಕು. ನಮ್ಮ ಕವಲಿನ ಸಾಲೇ ಇಲ್ಲದಿದ್ದರೆ ನಾವು ಸುರಕ್ಷಿತ ಎಂದು ತಿಳಿಯಬಾರದು. ಆ ಕವಲಿಗೆ ತಯಾರಕರು ತಿದ್ದುಪಡಿ ಕೊಡುವುದನ್ನೇ ನಿಲ್ಲಿಸಿರಬಹುದು.

ಯಾವಾಗ ಅಪ್‌ಡೇಟ್ ಮಾಡಬೇಕು ಎಂಬುದನ್ನು ಅಂಕಿ ಹೇಳುವುದಿಲ್ಲ, ಕೆಲಸದ ವೇಳಾಪಟ್ಟಿ ಹೇಳುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ವ್ಯಾಪಾರ ನಡೆಯುವುದು ಇ-ಟೆಂಡರ್ ಮೂಲಕ. ವರ್ತಕರು ನಿಗದಿತ ಸಮಯದೊಳಗೆ ಪ್ರತಿ ಲಾಟಿಗೆ ದರ ನಮೂದಿಸಬೇಕು. ದೂರದ ಬಳ್ಳಾರಿ, ರಾಯಚೂರುಗಳಿಂದ ಚೀಲ ತಂದ ರೈತರು ಆ ದರಕ್ಕಾಗಿ ಕಾಯುತ್ತಿರುತ್ತಾರೆ. ಅಂಥ ದಿನ ದಲಾಲಿ ಅಂಗಡಿಯ ರೂಟರ್‌ಗೆ ಕೈಹಾಕುವುದು ಸರಿಯಲ್ಲ. ವಹಿವಾಟು ಇಲ್ಲದ ದಿನ ನೋಡಿಕೊಂಡು, ರೂಟರ್‌ಗೆ ಯುಪಿಎಸ್ ಕೊಟ್ಟು, ವೈಫೈ ಬದಲು ಕೇಬಲ್ ಹಾಕಿಕೊಂಡು, ಈಗಿನ ಸೆಟ್ಟಿಂಗ್‌ಗಳ ಪ್ರತಿ ತೆಗೆದಿಟ್ಟು ಆಮೇಲೆ ತೊಡಗಬೇಕು. ಫ್ಲ್ಯಾಶ್ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಅರ್ಧ ಹಳೆಯದು ಅರ್ಧ ಹೊಸದು ಉಳಿದು ಉಪಕರಣ ಏಳುವುದಿಲ್ಲ. ಎರಡು ಪ್ರತಿ ಇಟ್ಟುಕೊಂಡು, ಹೊಸದು ಕೆಟ್ಟರೆ ಹಳೆಯದರಿಂದ ಏಳುವ ಉಪಕರಣಗಳೂ ಇವೆ. ಅಗ್ಗದ ಮನೆ ರೂಟರ್‌ಗಳಲ್ಲಿ ಆ ಅನುಕೂಲವನ್ನು ನಂಬುವಂತಿಲ್ಲ.

ಮೈಕ್ರೊಟಿಕ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಅದರ ಹಾರ್ಡ್‌ವೇರ್ ರೂಟರ್‌ಗಳಲ್ಲಿ ಎರಡು ಆವೃತ್ತಿಗಳಿರುತ್ತವೆ. ರೂಟರ್‌ಒಎಸ್ ಎಂಬ ಮುಖ್ಯ ತಂತ್ರಾಂಶದ್ದು ಒಂದು, ಉಪಕರಣವನ್ನು ಎಬ್ಬಿಸುವ ರೂಟರ್‌ಬೂಟ್‌ನದು ಇನ್ನೊಂದು. ಮೊದಲನೆಯದನ್ನು ಏರಿಸಿದರೆ ಎರಡನೆಯದು ಸಾಮಾನ್ಯವಾಗಿ ತಾನಾಗಿ ಏರುವುದಿಲ್ಲ. ‘ಸಿಸ್ಟಮ್’ ಮೆನುವಿನ ‘ರೂಟರ್‌ಬೋರ್ಡ್’ ಪುಟ ತೆರೆದರೆ ಈಗ ಇರುವ ಫರ್ಮ್‌ವೇರ್ ಮತ್ತು ಏರಿಸಬಹುದಾದ ಫರ್ಮ್‌ವೇರ್ ಎಂದು ಎರಡು ಸಾಲುಗಳು ಕಾಣುತ್ತವೆ. ಅವು ಬೇರೆಬೇರೆಯಾಗಿದ್ದರೆ ಅಲ್ಲೇ ಅಪ್‌ಗ್ರೇಡ್ ಗುಂಡಿ ಒತ್ತಿ ಮತ್ತೊಮ್ಮೆ ರೀಬೂಟ್ ಮಾಡಬೇಕು. ರೂಟರ್ ಎದ್ದ ಮೇಲೆ ಎರಡೂ ಸಾಲುಗಳಲ್ಲಿ ಒಂದೇ ಅಂಕಿ ಕಂಡರೆ ಕೆಲಸ ಪೂರ್ತಿಯಾಯಿತು.